ಪಾಯಿಂಟ್ 22 ತೋಟಾ ಹಾರದಿದ್ದರೆ ತಪ್ಪು ಯಾರದ್ದು?
ಪಾಯಿಂಟ್ 22 ಅಂದರೆ ಸುಮಾರು 0.22 ಇಂಚು ದಪ್ಪದ ಗುಂಡಿನ ಸಣ್ಣ ತೋಟಾ. ಇಂಥ 500 ತೋಟಾಗಳ ಅಗ್ಗದ ಡಬ್ಬದಲ್ಲಿ ಏಳೆಂಟು ಹಾರಲೇ ಇಲ್ಲ, ರೈಫಲ್ ಕೆಟ್ಟಿದೆಯಾ ಎಂದು ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ. ಪಾಯಿಂಟ್ 22 ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ನಡುವೆ ಇರುವುದಿಲ್ಲ, ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಇರುತ್ತದೆ. ಒದ್ದೆ ಮದ್ದು ಹಾಕಿ, ಗಿರಗಿರ ತಿರುಗಿಸಿ ಅಂಚಿಗೆ ಹರಡುತ್ತಾರೆ. ಅಗ್ಗದ ಮಾಲಿನಲ್ಲಿ ಕೆಲವೊಮ್ಮೆ ಒಂದು ಕಡೆ ಖಾಲಿ ಉಳಿಯುತ್ತದೆ. ತೋಟಾಕ್ಕೆ ಬಡಿಯುವ ರೈಫಲ್ಲಿನ ಪಿನ್ ಅಲ್ಲೇ ಬಡಿದರೆ ಬರೀ ‘ಟಿಕ್’ ಅನ್ನುತ್ತದೆ, ಅಷ್ಟೇ.

ಹಾರದ ತೋಟಾ ತೆಗೆದು ಅಂಚನ್ನು ನೋಡಿ. ಪಿನ್ನಿನ ಗುರುತು ಆಳವಾಗಿ ಕೂತಿದ್ದರೆ ದೋಷ ಹೆಚ್ಚಾಗಿ ತೋಟಾದ್ದೇ. ಸುಮ್ನೆ ಗೀಚಿದಂತಿದ್ದರೆ ಮೊದಲು ಬೋಲ್ಟ್ (ನಳಿಕೆಯ ಹಿಂಬದಿ ಮುಚ್ಚುವ, ಹಿಂದೆ ಎಳೆಯುವ ಭಾಗ) ಒರೆಸಿ. ಈ ತೋಟಾಗಳ ಮೇಣ, ಮಸಿ ಅಲ್ಲಿ ಜಾಸ್ತಿ ಕಟ್ಟಿಕೊಳ್ಳುತ್ತದೆ.

ಒಂದು ಮಾತು ಮರೆಯಬೇಡಿ. ಹಾರಲಿಲ್ಲವೆಂದು ತಕ್ಷಣ ಬೋಲ್ಟ್ ಎಳೆಯಬೇಡಿ. ನಳಿಕೆ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ, ತೋಟಾ ತಡವಾಗಿ ಹಾರಲೂಬಹುದು. ‘ಪುಸ್’ ಎಂದು ಮೆತ್ತಗೆ ಸದ್ದಾದರೆ ಅಲ್ಲಿಗೇ ನಿಲ್ಲಿಸಿ, ತೋಟಾ ತೆಗೆದು ನಳಿಕೆ ಪರೀಕ್ಷಿಸಿ. ಗುಂಡು ಒಳಗೇ ಸಿಕ್ಕಿಕೊಂಡಿದ್ದರೆ ಮುಂದಿನದ್ದು ನಳಿಕೆಯನ್ನೇ ಸೀಳಬಹುದು.

ಖಾಲಿ ಡಬ್ಬಿಗೆ ಗುರಿಯಿಟ್ಟು ಹೊಡೆಯಲು ಅಗ್ಗದ್ದೇ ಸಾಕು. ಸ್ಪರ್ಧೆಗೆ ಮಾತ್ರ 50ರ ಪೆಟ್ಟಿಗೆಯಲ್ಲಿ ಬರುವ ಮ್ಯಾಚ್ ತೋಟಾ ಕೊಳ್ಳಿ.