‘ಬೆಳೆಸಿಕೊಂಡವು’ ಎಂಬ ಕ್ರಿಯಾಪದದ ಕುರಿತು

ಮಾನ್ಯರೇ,

‘ಮಂಗನಿಂದ ಮಾನವ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಕೈಬಿಡಲು ಮನಸ್ಸು ಬಾರದ ಬರಹವಾದ್ದರಿಂದ ಕಾರಣವನ್ನು ಬಿಡಿಸಿ ಹೇಳುತ್ತಿದ್ದೇನೆ.

ಗಲಪಗೋಸ್‌ನ ಫಿಂಚ್ ಹಕ್ಕಿಗಳು ‘ಬರ ಬಂದಾಗ ದಪ್ಪ ಕೊಕ್ಕನ್ನು ಬೆಳೆಸಿಕೊಂಡವು’ ಎಂದು ಬರೆದಿದ್ದೀರಿ. ಇಲ್ಲಿ ‘ಕೊಳ್ಳು’ ಸೇರಿದೊಡನೆ, ಹಕ್ಕಿಗಳು ತಮ್ಮ ಅಗತ್ಯವನ್ನು ಅರಿತು ತಾವೇ ಹಾಗೆ ಮಾಡಿದವೆಂಬ ಅರ್ಥ ಬಂದುಬಿಡುತ್ತದೆ. ನಡೆದದ್ದು ಅದಲ್ಲ. 1977ರಲ್ಲಿ ಗಲಪಗೋಸ್ ದ್ವೀಪಸಮೂಹದ ಡಾಫ್ನೆ ಮೇಜರ್ ದ್ವೀಪಕ್ಕೆ ಮಳೆ ಕೈಕೊಟ್ಟಾಗ ಸಣ್ಣ, ಮೆದು ಬೀಜಗಳು ಬೇಗ ಮುಗಿದು, ನೆಗ್ಗಿಲಿನ ಜಾತಿಯ ಗಟ್ಟಿ ಮುಳ್ಳುಗಾಯಿಗಳು ಉಳಿದವು. ಅವನ್ನು ಒಡೆಯಲಾಗದ ಸಣ್ಣ ಕೊಕ್ಕಿನ ಹಕ್ಕಿಗಳೇ ಹೆಚ್ಚಾಗಿ ಸತ್ತವು. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ದಂಪತಿಯ ತಂಡ ಅಳೆದು ನೋಡಿದಾಗ, ಬದುಕುಳಿದವುಗಳ ಕೊಕ್ಕಿನ ಸರಾಸರಿ ದಪ್ಪ ಮೊದಲಿಗಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚಿತ್ತು. ಬರಕ್ಕೆಂದು ಯಾವ ಹಕ್ಕಿಯೂ ತನ್ನ ಕೊಕ್ಕನ್ನು ದಪ್ಪಗಾಗಿಸಲಿಲ್ಲ, ಬದಲಾದದ್ದು ಗುಂಪಿನ ಸರಾಸರಿ. ಕೊಕ್ಕಿನ ದಪ್ಪ ತಂದೆತಾಯಿಯಿಂದ ಮರಿಗೆ ದಾಟುವ ಗುಣವಾದ್ದರಿಂದ ಮುಂದಿನ ಪೀಳಿಗೆಯಲ್ಲೂ ಆ ಬದಲಾವಣೆ ಉಳಿಯಿತು. 1983ರ ಭಾರಿ ಮಳೆಯ ನಂತರ ಸಣ್ಣ ಬೀಜಗಳು ಹೇರಳವಾದಾಗ ನಿಸರ್ಗದ ಆಯ್ಕೆ ಸಣ್ಣ ಕೊಕ್ಕಿನ ಕಡೆಗೆ ತಿರುಗಿ, ಅಂಥ ಹಕ್ಕಿಗಳೇ ಹೆಚ್ಚು ಉಳಿದವು. ಹೀಗಿರುವಾಗ ‘ವಿಕಾಸವೆಂದರೆ ಸದಾ ಮೇಲೇರುವುದು’ ಎಂಬ ನಿಮ್ಮ ಸಾಲು ನಿಲ್ಲುವುದಿಲ್ಲ.

ಹೇಸರಗತ್ತೆಯನ್ನು ಹೊಸ ಪ್ರಭೇದವೆಂದಿರುವುದೂ ಸರಿಯಲ್ಲ. ಕುದುರೆಗೆ 64, ಕತ್ತೆಗೆ 62 ವರ್ಣತಂತುಗಳು (ಜೀವಕೋಶದೊಳಗೆ ಅನುವಂಶಿಕ ಗುಣಗಳನ್ನು ಹೊತ್ತ ಎಳೆಗಳು); ಇವೆರಡರ ಮರಿಯಾದ ಹೇಸರಗತ್ತೆಗೆ 63. ವೀರ್ಯಾಣು ಅಥವಾ ಅಂಡಾಣು ರೂಪುಗೊಳ್ಳುವಾಗ ಅವು ಸರಿಯಾಗಿ ಜೋಡಿಯಾಗದ ಕಾರಣ ಹೇಸರಗತ್ತೆ ಬಹುಮಟ್ಟಿಗೆ ಬಂಜೆ. ತಮ್ಮೊಳಗೆ ಕೂಡಿ ಸಂತಾನ ಮುಂದುವರಿಸಲಾಗದ ಪ್ರಾಣಿಗಳನ್ನು ಪ್ರಭೇದ ಎನ್ನಲಾಗದು; ಹಾಗೆ ನೋಡಿದರೆ ಕುದುರೆ ಮತ್ತು ಕತ್ತೆ ಬೇರೆ ಬೇರೆ ಪ್ರಭೇದಗಳೆಂಬುದಕ್ಕೇ ಇದು ಒಳ್ಳೆಯ ಉದಾಹರಣೆ. ಅಲ್ಲಿ ಬಳಸಿ.

‘ಡಾರ್ವಿನ್ ಜೀನ್‌ಗಳನ್ನು ವಿವರಿಸಿದ’ ಎಂಬ ವಾಕ್ಯವನ್ನು ತೆಗೆದುಬಿಡಿ. ಗುಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ದಾಟಿಸುವ ಜೀನ್ ಎಂಬ ಕಲ್ಪನೆಗೆ ತಳಹದಿಯಾದ ಮೆಂಡೆಲ್‌ನ ಬಟಾಣಿ ಪ್ರಯೋಗಗಳು 1866ರಲ್ಲೇ ಅಚ್ಚಾದರೂ ವಿಜ್ಞಾನಿಗಳ ಗಮನ ಅತ್ತ ಹರಿದದ್ದು 1900ರಲ್ಲಿ, ಡಾರ್ವಿನ್ ತೀರಿಕೊಂಡು 18 ವರ್ಷಗಳಾದ ಮೇಲೆ. ಶೀರ್ಷಿಕೆಯೂ ಬದಲಾಗಬೇಕು: ಇಂದಿನ ಯಾವ ಮಂಗವೂ ನಮ್ಮ ಪೂರ್ವಜನಲ್ಲ, ಅವುಗಳೊಡನೆ ನಮಗಿರುವುದು ಸಮಾನ ಪೂರ್ವಜರ ಸಂಬಂಧ.

ಮುಳ್ಳುಗಾಯಿಯ ಮುಂದೆ ಸೋತು ಕುಳಿತ ಹಕ್ಕಿಯನ್ನು ನೀವು ವರ್ಣಿಸಿರುವ ಐದು ಸಾಲುಗಳು ನಿಜಕ್ಕೂ ಚೆನ್ನಾಗಿವೆ, ಒಂದು ಅಕ್ಷರವನ್ನೂ ನಾನು ಮುಟ್ಟಲಾರೆ. ಲೇಖನವನ್ನು ಅಲ್ಲಿಂದಲೇ ಆರಂಭಿಸಿ, ‘ಕೊಂಡವು’ ಎಂದು ಬರುವ ಪ್ರತಿ ವಾಕ್ಯದಲ್ಲೂ ನಿಜವಾಗಿ ಯಾರು ಸತ್ತರು, ಯಾರು ಉಳಿದರು ಎಂದು ಕೇಳಿ ತಿದ್ದಿ ಕಳುಹಿಸಿ. ಮತ್ತೆ ಓದಲು ಕಾದಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ