ಅಣಬೆ ಹವಳಕ್ಕೆ ಪೋಷಣೆ ಎಲ್ಲಿಂದ?

ಪ್ರಶ್ನೆ: ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಕೆಂಪು ಡಿಸ್ಕೋಸೋಮಾ ಅಣಬೆ ಹವಳಗಳಿವೆ. ಬೆಳಕಿದ್ದರೆ ಸಾಕು, ಆಹಾರ ಬೇಡವೆಂದು ಮಾರಿದವರು ಹೇಳಿದ್ದರು. ಈಗ ಅವು ಕುಗ್ಗಿ, ಬಣ್ಣವೂ ಮಾಸಿದೆ. ಸಿಗಡಿಯ ಚೂರು ಇಟ್ಟರೆ ಮುಟ್ಟುವುದಿಲ್ಲ. ನೀರನ್ನು ಪರೀಕ್ಷಿಸಿದಾಗ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಬಂದಿವೆ. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಮಾರಿದವರು ಹೇಳಿದ್ದು ಅರ್ಧ ನಿಜ. ಅಣಬೆ ಹವಳದ ಅಂಗಾಂಶದೊಳಗೆ ಜೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಅವು ಬೆಳಕಿನಿಂದ ತಯಾರಿಸುವ ಸಕ್ಕರೆ, ಗ್ಲಿಸರಾಲ್ ಮೊದಲಾದವುಗಳ ದೊಡ್ಡ ಪಾಲು ಹವಳಕ್ಕೆ ಸಲ್ಲುತ್ತದೆ. ಆದರೆ ಇದು ಮುಖ್ಯವಾಗಿ ಶಕ್ತಿಯ ಮೂಲ. ಹೊಸ ಅಂಗಾಂಶ ಬೆಳೆಯಲು ಸಾರಜನಕವೂ ರಂಜಕವೂ ಬೇಕು; ಅವು ನೈಟ್ರೇಟ್, ಫಾಸ್ಫೇಟ್ ರೂಪದಲ್ಲಿ ಸುತ್ತಲಿನ ನೀರಿನಿಂದಲೋ ಹವಳ ಹಿಡಿದು ತಿನ್ನುವ ಕಣಗಳಿಂದಲೋ ಬರಬೇಕು. ಆದ್ದರಿಂದ ನೀವು ಹೆಮ್ಮೆಪಡಬಹುದಾದಷ್ಟು ಶುದ್ಧವಾದ ಆ ನೀರಿನ ಮೇಲೆಯೇ ನನಗೆ ಮೊದಲ ಅನುಮಾನ.

ಸಾಮಾನ್ಯವಾಗಿ ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಇದ್ದರೆ ಅಣಬೆಗಳಿಗೆ ಹಿತ. ಫಾಸ್ಫೇಟ್ ಹೀರುವ ಮಾಧ್ಯಮ ಬಳಸುತ್ತಿದ್ದರೆ ಕಡಿಮೆ ಮಾಡಿ, ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರನ್ನು ದಿನಕ್ಕೆ ಕೆಲವು ಗಂಟೆ ನಿಲ್ಲಿಸಿ, ಮೀನುಗಳಿಗೆ ಸ್ವಲ್ಪ ಹೆಚ್ಚು ಆಹಾರ ಹಾಕಿ. ಮೀನಿನ ಮಲಮೂತ್ರವೇ ಹವಳಕ್ಕೆ ಗೊಬ್ಬರ. ಇದನ್ನೆಲ್ಲ ಒಂದೇ ದಿನ ಮಾಡದೆ, ವಾರ ವಾರವೂ ಅಳೆಯುತ್ತಾ ಮುಂದುವರಿಯುವುದು ಒಳ್ಳೆಯದು. ಬೆಳಕನ್ನೂ ಗಮನಿಸಿ: ತೀರಾ ಪ್ರಖರ ಬೆಳಕಿನಲ್ಲೂ ಅಣಬೆಗಳು ಕುಗ್ಗುತ್ತವೆ, ಬಿಳಿಚಿಕೊಳ್ಳುತ್ತವೆ. ಹಾಗಿದ್ದಲ್ಲಿ ಬೆಳಕು ಮಂದವಾಗಿರುವ ತಳಭಾಗಕ್ಕೆ ಇಳಿಸಿ.

ಸಿಗಡಿ ಮುಟ್ಟದಿರುವುದು ರೋಗಲಕ್ಷಣವಲ್ಲ. ಡಿಸ್ಕೋಸೋಮಾದ ತಟ್ಟೆಯ ಮೇಲಿನ ಗ್ರಹಣಾಂಗಗಳು ಕೇವಲ ಸಣ್ಣ ಗುಬುಟುಗಳಷ್ಟೇ ಆಗಿರುವುದರಿಂದ ದೊಡ್ಡ ಚೂರನ್ನು ಹಿಡಿಯುವ ಸಾಮರ್ಥ್ಯ ಅದಕ್ಕೆ ಕಡಿಮೆ. ಮೇಲೆ ಬಿದ್ದ ನಯವಾದ ಕಣಗಳನ್ನು ಲೋಳೆಯಲ್ಲಿ ಸಿಕ್ಕಿಸಿ, ನಡುವಿನ ಬಾಯಿಗೆ ಸಾಗಿಸುವುದು ಅದರ ರೀತಿ. ಅದರ ಬಂಧುಗಳು ಬೇರೆ ಥರ. ರೋಡಾಕ್ಟಿಸ್ ಮೇಲೆ ಮೈಸಿಸ್ ಸಿಗಡಿ ಬಿದ್ದರೆ, ಅಂಚು ನಿಧಾನವಾಗಿ ಒಳಮುಖವಾಗಿ ಮಡಚಿಕೊಂಡು ಹಮ್ಮಿಣಿಯ ಬಾಯಿಯಂತೆ ಬಿಗಿಯುತ್ತದೆ. ಆನೆಕಿವಿ ಅಣಬೆ, ಅಂದರೆ ಆಂಪ್ಲೆಕ್ಸಿಡಿಸ್ಕಸ್, ಇದೇ ರೀತಿ ಸಣ್ಣ ಮೀನನ್ನೂ ಸುತ್ತುವರಿದು ನುಂಗಬಲ್ಲದು. ಅದನ್ನು ತರುವ ಮುನ್ನ ಯೋಚಿಸಿ.

ಡಿಸ್ಕೋಸೋಮಾಕ್ಕೆ ಆಹಾರ ಕೊಡಲೇಬೇಕೆಂದಿದ್ದರೆ ವಾರಕ್ಕೊಮ್ಮೆ ಪಂಪ್ ನಿಲ್ಲಿಸಿ, ಹವಳಗಳಿಗೆಂದೇ ಸಿಗುವ ನುಣ್ಣನೆಯ ಪುಡಿ ಆಹಾರವನ್ನೋ ಹೆಪ್ಪು ಕರಗಿಸಿದ ಆರ್ಟಿಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಗಳನ್ನೋ ಡ್ರಾಪರ್‌ನಲ್ಲಿ ಮೇಲಿಂದ ಮೆಲ್ಲಗೆ ಉದುರಿಸಿ. ಹತ್ತು ನಿಮಿಷದ ನಂತರ ಪಂಪ್ ಮತ್ತೆ ಹಾಕಿ, ಉಳಿದ ಚೂರುಗಳನ್ನು ಹೀರಿ ತೆಗೆಯಿರಿ. ಹವಳದ ಮೇಲೆಯೇ ಅವು ಕೊಳೆತರೆ ಆ ಜಾಗದ ಅಂಗಾಂಶವೂ ಕೆಡುತ್ತದೆ.