ಗಟೆಡ್ ಅಂದ್ರೆ ಹೊಟ್ಟೆ ಕೆಟ್ಟಿದೆ ಅಂತಲ್ಲ

ಮ್ಯಾಚ್ ಟಿಕೆಟ್ ಸಿಗ್ಲಿಲ್ಲ ಅಂತ ಹೌಸ್‌ಮೇಟ್ ‘ಐ ಆಮ್ ಗಟೆಡ್ (gutted)’ ಅಂದ, ಅಷ್ಟೊಂದು ದುಃಖನಾ, ಕೂತು ಸಮಾಧಾನ ಮಾಡ್ಬೇಕಿತ್ತಾ ಅಂತ ಕೇಳಿದೀರಲ್ಲ, ಓದಿ ನಗು ಬಂತು, ಯಾಕಂದ್ರೆ ಇಂಗ್ಲೆಂಡಿಗೆ ಬಂದ ಹೊಸದ್ರಲ್ಲಿ ನಾನು ಇನ್ನೂ ಜೋರಾಗಿ ಎಡವಿದ್ದೆ. ಪಕ್ಕದ ಡೆಸ್ಕಿನವನು ಡ್ರೈವಿಂಗ್ ಟೆಸ್ಟ್ ಫೇಲಾಗಿ ಬಂದು ‘ಗಟೆಡ್, ಮೇಟ್’ ಅಂದ, ನನ್ನ ಕಿವಿಗೆ ಬಿದ್ದಿದ್ದು ಗಟ್, ಅಂದ್ರೆ ಕರುಳು, ಅನ್ನೋದಷ್ಟೇ, ಪಾಪ ಹೊಟ್ಟೆ ಕೆಟ್ಟಿರ್ಬೇಕು ಅಂತ ಡ್ರಾಯರಿಂದ ಗ್ಯಾಸ್ ಮಾತ್ರೆ ತೆಗೆದು ಕೈಗಿಟ್ಟೆ. ಅವನು ಮಾತ್ರೆ ನೋಡ್ದ, ನನ್ನ ನೋಡ್ದ, ಥ್ಯಾಂಕ್ಸ್ ಅಂದು ಜೇಬಿಗೆ ಹಾಕ್ಕೊಂಡ.

ಮೀನಿನ ಹೊಟ್ಟೆ ಸೀಳಿ ಒಳಗಿರೋದೆಲ್ಲ ತೆಗೆಯೋದೇ ಗಟ್ ಮಾಡೋದು, ಬೆಂಕಿ ಬಿದ್ದು ಬರೀ ಗೋಡೆ ಉಳಿದ ಮನೆಗೂ ಗಟೆಡ್ ಅಂತಾರೆ. ಪದ ಇಷ್ಟು ಭಯಂಕರ, ಬಳಕೆ ಮಾತ್ರ ಹಗುರ. ನಮ್ಮಲ್ಲಿ ಕರುಳು ಅನ್ನೋ ಮಾತು ಬಂದ್ರೆ ಹೆತ್ತ ಸಂಕಟ, ಕರುಳು ಚುರಕ್ ಅನ್ನೋದೆಲ್ಲ ದೊಡ್ಡ ವಿಷಯಕ್ಕೆ, ಹೊಟ್ಟೆ ಉರೀತು ಅಂದ್ರೆ ಅಸೂಯೆಗೇ ಹೋಗ್ಬಿಡುತ್ತೆ, ಹಾಗಾಗಿ ಕನ್ನಡದ ತೂಕ ಇಟ್ಕೊಂಡು ಇದನ್ನ ಅಳೆದ್ರೆ ಗಾಬರಿ ಆಗೋದೇ. ‘ಛೇ, ಸಿಕ್ಕಾಪಟ್ಟೆ ಬೇಜಾರಾಯ್ತು ಮಾರಾಯ’ ಅಂತೀವಲ್ಲ, ಅಷ್ಟೇ ಇದು, ಕೈಗೆ ಬಂದಿದ್ದು ತಪ್ಪಿಹೋದಾಗಿನ ಬೇಜಾರು. ಸಮಾಧಾನ ಏನೂ ಬೇಡ, ‘ಓ ನೋ, ಗಟೆಡ್ ಫಾರ್ ಯೂ’ ಅಂದ್ರೆ ಸಾಕು.

2023ರ ವರ್ಲ್ಡ್ ಕಪ್ ಫೈನಲಲ್ಲಿ ಅಹಮದಾಬಾದಲ್ಲಿ ನಾವು ಆಸ್ಟ್ರೇಲಿಯಾಗೆ ಸೋತ್ವಲ್ಲ, ಮಾರನೇ ದಿನ ಸೋಮವಾರ, ಅದೇ ಪಕ್ಕದ ಡೆಸ್ಕಿನ ಪುಣ್ಯಾತ್ಮ ಕಾಫಿ ಮೆಷಿನ್ ಹತ್ರ ಸಿಕ್ಕಿ ‘ಯೂ ಮಸ್ಟ್ ಬಿ ಗಟೆಡ್’ ಅಂದ. ‘ಆಬ್ಸಲ್ಯೂಟ್ಲಿ ಗಟೆಡ್’ ಅಂದೆ. ವೆರಿ ಗಟೆಡ್ ಅನ್ಬೇಡಿ, ಕಿವಿಗೆ ಒಂಥರಾ ಕೇಳ್ಸುತ್ತೆ. ಸಾವಿನ ಮನೆಗೆ ಹೋದಾಗ್ಲೂ ಬೇಡ, ಅಲ್ಲಿ ತೀರಾ ಸಲುಗೆ ಆಗುತ್ತೆ, ‘ಸೋ ಸಾರಿ’ ಅಂದ್ರೆ ಸರಿ. ಅಮೆರಿಕಾದವ್ರು ಇದನ್ನ ಅಷ್ಟಾಗಿ ಬಳಸಲ್ಲ.

ನೀವು ಭಯಪಡ್ಬೇಕಾದ ಪದ ಬೇರೇನೇ ಇದೆ. ಮ್ಯಾನೇಜರ್ ಈಮೇಲಲ್ಲಿ ‘ಎ ಬಿಟ್ ಡಿಸಪಾಯಿಂಟೆಡ್’ ಅಂತ ಬರೆದಿದ್ರೆ ಆ ‘ಎ ಬಿಟ್’ ನಂಬ್ಕೊಂಡು ಕೂರ್ಬೇಡಿ, ಇಲ್ಲಿಯವ್ರು ಕೋಪಾನ ಹಾಗೇ ಮೆತ್ತಗೆ ಸುತ್ತಿ ಕೊಡೋದು, ನಾನು ‘ಸ್ವಲ್ಪ ತಾನೇ’ ಅಂದ್ಕೊಂಡು ವೀಕೆಂಡ್ ಮುಗಿಸಿ ರಿಪ್ಲೈ ಮಾಡಿದ್ದೆ, ಸೋಮವಾರ ಬೆಳಿಗ್ಗೆ ಮೀಟಿಂಗ್ ರೂಮಲ್ಲಿ ಇಬ್ಬರು ನನಗಾಗಿ ಕಾಯ್ತಾ ಕೂತಿದ್ರು.